ಮುಳುಗಿದ ಊರು ಕಾದಂಬರಿಯಲ್ಲಿ ತೇಲುತ್ತಾ?

ಪ್ರಶ್ನೆ: ನನಗೀಗ 70 ದಾಟಿದೆ. ಶರಾವತಿ ಕಣಿವೆಯವನು. ಲಿಂಗನಮಕ್ಕಿ ಅಣೆಕಟ್ಟೆಗಾಗಿ ನಾವು ಊರು ಬಿಟ್ಟಾಗ ನನಗೆ 9 ವರ್ಷ. ಕೆಲಸದಿಂದ ನಿವೃತ್ತನಾದ ಮೇಲೆ ಆ ಊರನ್ನು ಕಾದಂಬರಿಯಲ್ಲಾದರೂ ಮತ್ತೆ ಕಟ್ಟೋಣ ಅಂತ ಕೂತೆ. ಆರು ವರ್ಷ ಆಯಿತು, 380 ಪುಟ ಆಗಿದೆ. ಮನೆ, ಅಂಗಳ, ತೋಟ, ಅಡಿಕೆ ಸುಲಿಯುವ ರಾತ್ರಿ ಎಲ್ಲಾ ಬರೆದಿದ್ದೇನೆ. ಆದರೆ ಓದಿದರೆ ನನಗೇ ಆ ಊರು ಕಾಣಿಸುವುದಿಲ್ಲ. ಅಕ್ಕ ಓದಿ, "ಬಾವಿ ಆ ಕಡೆ ಇರಲೇ ಇಲ್ಲ ಕಣೋ, ಬಚ್ಚಲ ಹಿಂದೆ ಇತ್ತು" ಅಂದಳು. ಮಗಳು ಓದಿ, "ಚೆನ್ನಾಗಿದೆ ಅಪ್ಪಾ, ಆದ್ರೆ ಮ್ಯೂಸಿಯಂನಲ್ಲಿ ಓಡಾಡಿದ ಹಾಗಿದೆ" ಅಂದಳು. ಎಲ್ಲಿ ತಪ್ಪುತ್ತಿದ್ದೇನೆ? ಮೊದಲ 40 ಪುಟ ಕಳಿಸಿದ್ದೇನೆ.

ಉತ್ತರ: ಸುಮ್ನೆ ಸಮಾಧಾನ ಹೇಳುವುದಿಲ್ಲ ಸರ್. ನೀವು ಆಗದ ಕೆಲಸಕ್ಕೆ ಕೈ ಹಾಕಿದ್ದೀರಿ. ಹೋದ ಊರು ಕಾದಂಬರಿಯಲ್ಲಿ ವಾಪಸ್ ಬರುವುದಿಲ್ಲ. ನಿಮಗೆ ಮಾತ್ರ ಅಂತಲ್ಲ, ಎಷ್ಟೇ ದೊಡ್ಡ ಲೇಖಕರಿಗೂ ಬಂದಿಲ್ಲ. ಆರು ವರ್ಷ ವ್ಯರ್ಥವಾಯಿತು ಅಂತ ಇದರ ಅರ್ಥ ಅಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ 40 ಪುಟ ಎರಡು ಸಲ ಓದಿದೆ. 12ನೇ ಪುಟದಲ್ಲಿ ಅಡಿಕೆ ಸುಲಿಯುವ ರಾತ್ರಿ ಬರುತ್ತದೆ. ಲಾಟೀನು, ಸಾಲಾಗಿ ಕೂತ ಹೆಂಗಸರು, ಮೆಟ್ಟುಗತ್ತಿಯ ಸದ್ದು, ಚೊಗರು ಹತ್ತಿ ಕಪ್ಪಾದ ಬೆರಳು, ಅಜ್ಜಿ ಹೇಳುವ ಕಥೆ. ಒಂದೂ ಸುಳ್ಳಲ್ಲ. ಆದರೆ ಆ ರಾತ್ರಿ ಯಾರಿಗೂ ಏನೂ ಆಗುವುದಿಲ್ಲ. ಯಾರೂ ತೂಕಡಿಸುವುದಿಲ್ಲ, ಕೂಲಿ ಲೆಕ್ಕಕ್ಕೆ ಯಾರೂ ಮುಖ ಗಂಟು ಹಾಕುವುದಿಲ್ಲ, ಅಜ್ಜಿಯ ಕಥೆ ನೂರನೇ ಸಲ ಕೇಳಿ ಯಾರಿಗೂ ಬೇಜಾರಾಗುವುದಿಲ್ಲ. ಅಷ್ಟು ಮಂದಿ ಮೆಟ್ಟುಗತ್ತಿ ಮುಂದೆ ಮಧ್ಯರಾತ್ರಿವರೆಗೆ ಕೂತರೆ ಒಬ್ಬರಿಗಾದರೂ ಬೆರಳು ಕೊಯ್ಯಬೇಕು ಅಲ್ವಾ? ನೀವು ಅವರನ್ನು ಕದಲಲು ಬಿಟ್ಟಿಲ್ಲ. ಕದಲಿದರೆ ಎಲ್ಲಿ ಮತ್ತೆ ಕಳೆದುಹೋಗುತ್ತಾರೋ ಅನ್ನುವ ಹೆದರಿಕೆ ನಿಮಗೆ. ನಿಮ್ಮ ಮಗಳು ಮ್ಯೂಸಿಯಂ ಅಂದದ್ದು ಇದಕ್ಕೇ. ಅವಳ ಮಾತು ಕೇಳಿ.

ಇನ್ನು ಆ ಬಾವಿ. ನೀವು ಒಂದು ಕಡೆ ಅನ್ನುತ್ತೀರಿ, ಅಕ್ಕ ಇನ್ನೊಂದು ಕಡೆ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ಟ್ಲೆಟ್ 1932ರಲ್ಲಿ ನೆನಪಿನ ಬಗ್ಗೆ ಒಂದು ಪುಸ್ತಕ ಬರೆದರು. ಅವರು ಮಾಡಿದ ಪ್ರಯೋಗ ಬಹಳ ಸರಳ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಇಂಗ್ಲೆಂಡಿನ ಜನರಿಗೆ ಓದಲು ಕೊಟ್ಟು, ಆಮೇಲೆ ಬೇರೆ ಬೇರೆ ದಿನ ಅದನ್ನೇ ನೆನಪಿನಿಂದ ಬರೆಯಲು ಹೇಳಿದರು. ಬರೆಯುತ್ತಾ ಬರೆಯುತ್ತಾ ಆ ಜನರ ಕನೂ ಅನ್ನುವ ದೋಣಿ ಹೋಗಿ ಬರೀ ಬೋಟ್ ಆಯಿತು, ಸೀಲ್ ಅನ್ನುವ ಕಡಲ ಪ್ರಾಣಿಯ ಬೇಟೆ ಹೋಗಿ ಮೀನು ಹಿಡಿಯುವುದಾಯಿತು. ಯಾರೂ ಸುಳ್ಳು ಹೇಳಿರಲಿಲ್ಲ, ತಮಗೆ ಗೊತ್ತಿದ್ದ ಊರಿನ ಸಾಮಾನು ತಂದು ತುಂಬಿದ್ದರು ಅಷ್ಟೇ. ನೆನಪು ಅಂದರೆ ಟ್ರಂಕಿನಿಂದ ಹಳೇ ಸೀರೆ ತೆಗೆದ ಹಾಗಲ್ಲ, ಪ್ರತಿ ಸಲವೂ ಕೈಗೆ ಸಿಕ್ಕಿದ ದಾರದಲ್ಲಿ ಹೊಸದಾಗಿ ನೇಯುವುದು. ಅರವತ್ತು ವರ್ಷದಿಂದ ನೀವು ಆ ಬಾವಿಯನ್ನು ನೆನೆಸಿಕೊಳ್ಳುತ್ತಾ ಬಂದಿದ್ದೀರಿ, ಮಧ್ಯೆ ಎಲ್ಲೋ ಹೊಸ ಮನೆಯ ಬಾವಿ ಅದರೊಳಗೆ ನುಸುಳಿರಬಹುದು. ಅಕ್ಕನ ನೆನಪೂ ಅಷ್ಟೇ, ದೊಡ್ಡವಳು ಅಂದ ಮಾತ್ರಕ್ಕೆ ಸರಿ ಅಂತೇನಿಲ್ಲ.

ನಾನೂ ಇದೇ ಗುಂಡಿಗೆ ಬಿದ್ದವನು. ಅಜ್ಜಿಯ ಹಸಿರು ಸೀರೆ, ಅದರ ಕೆಂಪು ಅಂಚು ಅಂತ ಒಂದು ಕಥೆಯಲ್ಲಿ ಮೂರು ಪುಟ ಬರೆದಿದ್ದೆ, ಬರೆಯುವಾಗ ಕಣ್ಣಲ್ಲಿ ನೀರು ಬೇರೆ. ಚಿಕ್ಕಮ್ಮ ಓದಿ ನಕ್ಕುಬಿಟ್ಟರು. ಅಜ್ಜಿ ಹೋದಾಗ ನನಗೆ ಒಂದು ವರ್ಷವೂ ತುಂಬಿರಲಿಲ್ಲವಂತೆ. ನನಗೆ ನೆನಪಿದ್ದದ್ದು ನಡುಮನೆ ಗೋಡೆಯ ಫೋಟೊ. ಅದೂ ಕಪ್ಪುಬಿಳುಪು. ಹಸಿರು, ಕೆಂಪು ಎರಡೂ ನಾನೇ ಹಚ್ಚಿದ್ದು.

ಕಳೆದ ಕಾಲವನ್ನು ಬರವಣಿಗೆಯಲ್ಲಿ ವಾಪಸ್ ತರಬಹುದು ಅನ್ನುವವರು ಸಾಮಾನ್ಯವಾಗಿ ಫ್ರೆಂಚ್ ಲೇಖಕ ಮಾರ್ಸೆಲ್ ಪ್ರೂಸ್ಟ್ ಹೆಸರು ಹೇಳುತ್ತಾರೆ. ಚಹಾದಲ್ಲಿ ಅದ್ದಿದ ಮ್ಯಾಡ್ಲೀನ್ ಕೇಕಿನ ರುಚಿಗೆ ಇಡೀ ಬಾಲ್ಯ ಎದ್ದು ಬಂತು ಅಂತ. ಆದರೆ ಅವರ ಹಳೇ ಕರಡುಗಳಲ್ಲಿ ಅದು ಮ್ಯಾಡ್ಲೀನ್ ಅಲ್ಲ, ಸುಟ್ಟ ಬ್ರೆಡ್ಡು. ಜಗತ್ತಿನ ಅತಿ ಪ್ರಸಿದ್ಧ ನೆನಪಿನ ತಿಂಡಿಯನ್ನೇ ಬರೆಯುವಾಗ ಬದಲಾಯಿಸಿದ್ದಾರೆ! ಅಷ್ಟೇ ಅಲ್ಲ. ಅವರು ಬಾಲ್ಯದಲ್ಲಿ ರಜೆಗೆ ಹೋಗುತ್ತಿದ್ದದ್ದು ಶಾರ್ತ್ರ್ ಹತ್ತಿರದ ಇಲ್ಯೇ ಅನ್ನುವ ಸಣ್ಣ ಊರಿಗೆ, ಕಾದಂಬರಿಯಲ್ಲಿ ಅದಕ್ಕೆ ಕೋಂಬ್ರೇ ಅಂತ ಹೆಸರು. ಮೊದಲನೇ ಮಹಾಯುದ್ಧ ಬಂದ ಮೇಲೆ ಕಥೆಗೆ ಬೇಕು ಅಂತ ಆ ಊರನ್ನೇ ಎತ್ತಿಕೊಂಡು ಹೋಗಿ ಯುದ್ಧ ನಡೆದ ಕಡೆ ಇಟ್ಟುಬಿಟ್ಟರು. ಊರನ್ನು ಉಳಿಸಿಕೊಳ್ಳಬೇಕು ಅನ್ನುವವನು ಹೀಗೆ ಮಾಡುತ್ತಾನಾ? ತಮಾಷೆ ಏನಂದರೆ, 1971ರಲ್ಲಿ ಅವರ ನೂರನೇ ಹುಟ್ಟಿದ ವರ್ಷಕ್ಕೆ ನಿಜವಾದ ಊರೇ ತನ್ನ ಹೆಸರನ್ನು ಇಲ್ಯೇ-ಕೋಂಬ್ರೇ ಅಂತ ಮಾಡಿಕೊಂಡಿತು.

"ಹಾಗಾದರೆ ಇನ್ನೂ ಜಾಸ್ತಿ ವಿಚಾರಿಸಿ, ಹಳೇ ನಕ್ಷೆ ತೆಗೆಸಿ ಬಾವಿ ಎಲ್ಲಿತ್ತು ಅಂತ ಖಚಿತ ಮಾಡಿಕೊಳ್ಳಲಾ?" ಅಂತ ನೀವು ಕೇಳಬಹುದು. ಮಾಡಿಕೊಳ್ಳಿ, ತಪ್ಪೇನಿಲ್ಲ. ಐರಿಶ್ ಕಾದಂಬರಿಕಾರ ಜೇಮ್ಸ್ ಜಾಯ್ಸ್ 1921ರಲ್ಲಿ ಪ್ಯಾರಿಸ್‌ನಲ್ಲಿ ಕೂತು ಡಬ್ಲಿನ್‌ನಲ್ಲಿದ್ದ ಅತ್ತೆಗೆ ಕಾಗದ ಬರೆದು, ಎಕ್ಲ್ಸ್ ರಸ್ತೆಯ 7ನೇ ನಂಬರ್ ಮನೆಯ ಮುಂದಿನ ಕಂಬಿ ಹತ್ತಿ ಒಬ್ಬ ಸಾಧಾರಣ ಮನುಷ್ಯ ಪೆಟ್ಟಾಗದ ಹಾಗೆ ಕೆಳಗಿಳಿಯಬಹುದಾ ಅಂತ ವಿಚಾರಿಸಿದ್ದರು. ಅವರಿಗೆ ಅದು ಬೇಕಾದದ್ದು ಕಾದಂಬರಿಯಲ್ಲಿ ಬೀಗದ ಕೈ ಮರೆತು ಬಂದ ಒಬ್ಬ ಗಂಡಸನ್ನು ಆ ಕಂಬಿ ಹತ್ತಿಸುವುದಕ್ಕೆ. ನಿಮ್ಮ ಪುಟಗಳಲ್ಲೂ ವಿವರ ತುಂಬಾ ಇದೆ. 1957ರಲ್ಲಿ ನಯಾ ಪೈಸೆ ಬಂದರೂ ಊರಿನ ಅಂಗಡಿಯವನು ಆಣೆ ಲೆಕ್ಕವನ್ನೇ ಹೇಳುತ್ತಿದ್ದ ಅಂತ ಬರೆದಿದ್ದೀರಲ್ಲ, ಅದು ಸರಿಯಾಗಿದೆ. ಆದರೆ ನಿಮ್ಮ ಬಾವಿಯಿಂದ ಯಾರೂ ನೀರು ಸೇದುವುದಿಲ್ಲ.

ಇದಕ್ಕೆ ಎದುರಾಗಿ ಕುವೆಂಪು ಅವರನ್ನು ನೋಡಿ. 'ಮಲೆಗಳಲ್ಲಿ ಮದುಮಗಳು' ಬಂದದ್ದು 1967ರಲ್ಲಿ. ಅದರ ಕಾಲ ಹತ್ತೊಂಬತ್ತನೇ ಶತಮಾನದ ಕೊನೆ, ಕುವೆಂಪು ಹುಟ್ಟಿದ್ದು 1904ರಲ್ಲಿ. ಅಂದರೆ ಆ ಕಾಲವನ್ನು ಅವರು ಕಂಡೇ ಇರಲಿಲ್ಲ. ಕಂಡದ್ದು ಆ ಕಾಡು, ಕೇಳಿದ್ದು ಹಿರಿಯರ ಮಾತು. ತಾನು ಕಳಕೊಂಡದ್ದನ್ನು ಹಾಗೇ ವಾಪಸ್ ತರಬೇಕು ಅನ್ನುವ ಹಟ ಅಲ್ಲಿ ಇರುವುದಕ್ಕೇ ಸಾಧ್ಯ ಇಲ್ಲ. ಅದಕ್ಕೇ ಅಲ್ಲಿ ಜನ ಬೆವರುತ್ತಾರೆ, ಬೈಯುತ್ತಾರೆ, ಓಡಿಹೋಗುತ್ತಾರೆ ಅಂತ ನನಗನ್ನಿಸುತ್ತದೆ.

ನಿಮ್ಮ ಕಡೆಯೇ ಒಂದು ವಿಚಿತ್ರ ಇದೆ, ನಿಮಗೆ ಗೊತ್ತಿರುತ್ತದೆ. 1964ರಲ್ಲಿ ಲಿಂಗನಮಕ್ಕಿ ಆಗುವ ಮೊದಲೇ ಶರಾವತಿಗೆ ಮಡೆನೂರಿನಲ್ಲಿ ಇನ್ನೊಂದು ಅಣೆಕಟ್ಟೆ ಇತ್ತು. ಲಿಂಗನಮಕ್ಕಿ ತುಂಬಿದಾಗ ಆ ಅಣೆಕಟ್ಟೆಯೇ ಮುಳುಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಅದು ಮೇಲೆ ಬರುತ್ತದೆ, ಜನ ನೋಡಲು ಹೋಗುತ್ತಾರೆ, ಫೋಟೊ ಹೊಡೆದುಕೊಳ್ಳುತ್ತಾರೆ. ಕಲ್ಲಿನ ಕಟ್ಟಡ ಹಾಗೇ ನಿಂತಿದೆ. ಆದರೆ ಅದು ಈಗ ನೀರು ತಡೆಯುವ ಅಣೆಕಟ್ಟೆ ಅಲ್ಲ. ಬಿರುಕುಬಿಟ್ಟ ಕೆಸರಿನ ಮಧ್ಯೆ ನಿಮ್ಮ ಮನೆಯ ಅಡಿಪಾಯವೇ ಎದ್ದು ಬಂದರೂ ಅಲ್ಲಿ ನಿಲ್ಲುವವನು ಶುಗರ್ ಮಾತ್ರೆ ನುಂಗುವ ವಯಸ್ಸಿನವನು. ಅಂಗಳದಲ್ಲಿ ಓಡುತ್ತಿದ್ದ ಹುಡುಗ ಅಲ್ಲ. ನಿಮಗೆ ಸಿಗದೇ ಇರುವುದು ಊರಿಗಿಂತ ಜಾಸ್ತಿ ಆ ಹುಡುಗನೇ ಅಂತ ಕಾಣುತ್ತದೆ.

ಹಾಗಂತ 380 ಪುಟ ಒಲೆಗೆ ಹಾಕಬೇಡಿ. 31ನೇ ಪುಟ ತೆಗೆಯಿರಿ. ಅಲ್ಲಿ ಮೂರು ಸಾಲು ಬರೆದಿದ್ದೀರಿ: "ಊರು ಬಿಡುವಾಗ ಅಪ್ಪಯ್ಯ ಹೆಬ್ಬಾಗಿಲನ್ನು ದಾರಂದ ಸಮೇತ ಕಿತ್ತು ಲಾರಿಗೆ ಹಾಕಿಸಿದರು. ಹೊಸ ಮನೆಗೆ ಅದು ಹೊಂದಲಿಲ್ಲ. ಈಗ ಕೊಟ್ಟಿಗೆಗೆ ಇದೆ." ಅಷ್ಟು ಹೇಳಿ ಮುಂದಿನ ಸಾಲಿಗೇ ದೀಪಾವಳಿ ವರ್ಣನೆಗೆ ಹಾರಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ಅಡಿಕೆ, ಲಾಟೀನು ಯಾವುದೂ ಕೊಡದ ಕುತೂಹಲ ಈ ಬಾಗಿಲು ಕೊಟ್ಟಿತು. ಅಪ್ಪಯ್ಯ ಮನೆ ಕಟ್ಟುವ ಮುಂಚೆ ಬಾಗಿಲಿನ ಅಳತೆ ನೋಡಿರಲಿಲ್ಲವಾ? ಕೊಟ್ಟಿಗೆಗೆ ಹಾಕೋಣ ಅಂತ ಮೊದಲು ಬಾಯಿಬಿಟ್ಟವರು ಯಾರು? ಹಬ್ಬದ ದಿನ ಅಮ್ಮ ಯಾವ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುತ್ತಿದ್ದರು, ಹೊಸ ಮನೆಯದಕ್ಕಾ, ದನ ದಾಟುವ ಹಳೆಯದಕ್ಕಾ?

ಕಾದಂಬರಿ ಆ ಕೊಟ್ಟಿಗೆಯಲ್ಲಿ ಶುರುವಾಗಲಿ. ಒಂದು ದಿನ ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಬಾವಿ ಎಲ್ಲಿತ್ತು ಅನ್ನುವ ಜಗಳವನ್ನು ಆ ಬಾಗಿಲ ಮುಂದೆಯೇ ಆಡಿ, ತೀರ್ಮಾನ ಮಾಡುವುದು ಬೇಡ, ಇಬ್ಬರ ಬಾವಿಯೂ ಪುಸ್ತಕದಲ್ಲಿ ಇರಲಿ. ಆಮೇಲೆ ಒಳಗೆ ಹೋಗುವಾಗ ಒಂದು ಗಮನಿಸಿ: 9 ವರ್ಷದವನಿದ್ದಾಗ ಅದರಡಿ ತಲೆ ಬಗ್ಗಿಸದೆ ಓಡಿದ್ದಿರಿ, ಈಗ ಎಷ್ಟು ಬಗ್ಗಬೇಕು? ಅದೊಂದು ಅಧ್ಯಾಯ ಬರೆದು ಕಳಿಸಿ. ಉಳಿದ 340 ಪುಟ ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ.