ವೇಲ್ಸ್‌ಗೆ ಹೋಗ್ತಿದೀನಿ, ಕಾರಿಲ್ಲ. ಕಾನ್ವಿ ಕೋಟೆ ನೋಡಿದ್ರೆ ಸಾಕಾ, ಪಾಳುಬಿದ್ದಿರೋ ಕಾಸ್ಟೆಲ್ ಅ ಬೆರೆ ಕೋಟೆಗೂ ಹೋಗ್ಬೇಕಾ?

ನಾನೂ ಕಾರಿಲ್ದೇನೇ ಹೋದವನು ಮಾರಾಯ್ರೆ, ಅದಕ್ಕೇ ಬರೀತಿದೀನಿ. ಸಮುದ್ರದ ಕಡೆ ಟವಿನ್ ಊರಿನ ತನಕ ಮಾಮೂಲಿ ಟ್ರೈನಿದೆ, ಅಲ್ಲಿಂದ ಒಳಗೆ, ಬೆರೆ ಕೋಟೆ ಕಡೆಯ ಹಳ್ಳಿ ಅಬರ್ಗಿನೊಲ್ವಿನ್‌ಗೆ ಮ್ಯಾಪಲ್ಲಿ ಇನ್ನೊಂದು ರೈಲ್ವೆ ಗೆರೆ ಕಾಣ್ತು, ಲೋಕಲ್ ಟ್ರೈನ್ ಇರ್ಬೇಕು ಬಿಡು ಅಂದ್ಕೊಂಡೆ. ಎಡವಿದ್ದೇ ಅಲ್ಲಿ. ಅದು ಟಾಲಿಲಿನ್ ರೈಲ್ವೆ, ಹಿಂದೆ ಸ್ಲೇಟ್ ಕಲ್ಲು ಸಾಗಿಸ್ತಿದ್ದ ನ್ಯಾರೋಗೇಜು, 1951ರಿಂದ ವಾಲಂಟಿಯರ್‌ಗಳು ನಡೆಸ್ತಿರೋ ಉಗಿಬಂಡಿ. ಟೂರಿಸ್ಟ್‌ಗಳಿಗೆ ಅಂತ ಕೆಲವೇ ಟ್ರಿಪ್ಪು, ಸೀಸನ್ ಇಲ್ದಾಗ ಎಷ್ಟೋ ದಿನ ಓಡೋದೇ ಇಲ್ಲ. ನಾನು ಹೋಗೋ ಟೈಮ್ ಮಾತ್ರ ನೋಡಿದ್ದೆ, ವಾಪಸ್ ಬರೋದನ್ನ ನೋಡಿರ್ಲಿಲ್ಲ, ಅದೂ ಅಲ್ದೆ ಸ್ಟೇಷನ್ನಿಂದ ಕೋಟೆಗೆ ಗಂಟೆಗೂ ಮೇಲೆ ನಡಿಗೆ, ಬರಕ್ಕೂ ಅಷ್ಟೇ, ಆ ಲೆಕ್ಕನೂ ಹಾಕಿರ್ಲಿಲ್ಲ. ಬಂದು ನೋಡಿದ್ರೆ ಪ್ಲಾಟ್‌ಫಾರ್ಮ್ ಖಾಲಿ. ಟ್ಯಾಕ್ಸಿಗೆ ಸುರಿದ ದುಡ್ಡಲ್ಲಿ ರಾತ್ರಿ ಉಳ್ಕೊಳ್ಳಕ್ಕೆ ಒಳ್ಳೇ ರೂಮೇ ಸಿಗ್ತಿತ್ತು.

ಆದ್ರೂ "ಕಾನ್ವಿ ಸಾಕಾ" ಅನ್ನೋ ಪ್ರಶ್ನೆನೇ ನಂಗೆ ಒಪ್ಪಿಗೆ ಇಲ್ಲ. ಕಾನ್ವಿ ಗೆದ್ದೋರ ಕೋಟೆ, ಇಂಗ್ಲೆಂಡಿನ ಮೊದಲನೇ ಎಡ್ವರ್ಡ್ ವೇಲ್ಸ್‌ನೋರನ್ನ ಹದ್ದುಬಸ್ತಲ್ಲಿ ಇಡಕ್ಕೆ ಕಟ್ಟಿಸಿದ್ದು. ಬೆರೆ ಸೋತೋರದ್ದು. ವೇಲ್ಸ್‌ನ ದೊರೆ ಲೆವೆಲಿನ್ ದಿ ಗ್ರೇಟ್ 1221ರಲ್ಲಿ ಶುರು ಮಾಡಿಸಿದ್ದು, 1283ರ ಏಪ್ರಿಲ್‌ನಲ್ಲಿ, ಅತ್ಲಾಗೆ ಕಾನ್ವಿ ಕೆಲಸ ಆಗ್ಲೇ ಶುರುವಾಗಿತ್ತು, ಇತ್ಲಾಗೆ ಇದು ಶರಣಾಯ್ತು. ಎಡ್ವರ್ಡ್ ಇದನ್ನೂ ರಿಪೇರಿ ಮಾಡಿಸ್ದ, ಪಕ್ಕದಲ್ಲಿ ಊರು ಕಟ್ಟಕ್ಕೂ ನೋಡ್ದ, ಆದ್ರೆ 1294ರಲ್ಲಿ ವೇಲ್ಸ್‌ನೋರು ದಂಗೆ ಎದ್ಮೇಲೆ ಇಂಗ್ಲಿಷರು ಕೈಬಿಟ್ರು. ಅದಕ್ಕೇ ಇಷ್ಟು ಪಾಳು.

ಗೋಡೆಗಳು ಬಹಳ ಕಡೆ ಮೋಟಾಗಿವೆ. ಬಂಡೆ ಹೆಂಗೆ ತಿರುಗುತ್ತೋ ಗೋಡೆನೂ ಹಂಗೇ ತಿರುಗಿದೆ, ಬಂಡೆನೇ ಕಡಿದು ಕಂದಕ ಮಾಡಿದಾರೆ. ಬುರುಜು ನೋಡಿ, ಹೊರಗಡೆ ದುಂಡಗೆ, ಒಳಗಡೆ ಚಪ್ಪಟೆ, ವೇಲ್ಸ್ ದೊರೆಗಳು ಕಟ್ಟಿದ್ದು ಅಂತ ಅದರಲ್ಲೇ ಗೊತ್ತಾಗುತ್ತೆ. ಕಾನ್ವಿಯಲ್ಲಿ ಅಂಥದ್ದು ಸಿಗಲ್ಲ, ಅಲ್ಲಿ ಎಲ್ಲಾ ಪೂರ್ತಿ ದುಂಡು.

ಹಾಗಾಗಿ ಮೊದಲು ಬೆರೆ, ಆಮೇಲೆ ಕಾನ್ವಿ. ಬೆರೆಗೆ ಟಿಕೆಟ್ ಇಲ್ಲ, ಕೋಟೆ ಹತ್ರ ಅಂಗಡಿನೂ ಇಲ್ಲ, ಊಟ ಕಟ್ಕೊಂಡೋಗಿ, ರೇನ್‌ಕೋಟ್ ಬೇಕೇ ಬೇಕು. ಚಳಿಗಾಲದಲ್ಲಿ ಹೋಗ್ತಿದ್ರೆ ಉಗಿಬಂಡಿ ಆಸೆ ಬಿಟ್ಟು ಟವಿನ್‌ನಿಂದ ಹೋಗ್ಬರಕ್ಕೆ ಟ್ಯಾಕ್ಸಿ ಮೊದಲೇ ಮಾತಾಡ್ಕೊಳಿ, ಅದೂ ಫೋನಲ್ಲಿ, ಹಿಂದಿನ ದಿನವೇ.