ಓದುಗರ ಪ್ರಶ್ನೆ: ಮುಂಬಯಿಯ ಬಡಾವಣೆಗಳು, ಬಯಲುಗಳು, ತೋಟಗಳು

ಪ್ರಶ್ನೆ: ನಾನು, ನನ್ನ ಪತ್ನಿ ಇಬ್ಬರೂ ನಿವೃತ್ತ ಶಿಕ್ಷಕರು. ಚೆಂಬೂರಿನಲ್ಲಿರುವ ಮಗನ ಮನೆಗೆ ಈ ಚಳಿಗಾಲದಲ್ಲಿ ಹೋಗಿ ಕೆಲವು ವಾರ ಇರಲಿದ್ದೇವೆ. ಗೇಟ್‌ವೇ, ಜುಹೂ, ಸಿದ್ಧಿವಿನಾಯಕ ದೇವಸ್ಥಾನಗಳನ್ನು ಹಿಂದೆಯೇ ನೋಡಿದ್ದೇವೆ. ಈ ಸಲ ನಗರದ ಬೇರೆ ಬೇರೆ ಬಡಾವಣೆಗಳನ್ನೂ ಉದ್ಯಾನಗಳನ್ನೂ ನಿಧಾನವಾಗಿ ನಡೆದು ನೋಡುವ ಆಸೆ. ಎಲ್ಲಿಂದ ಆರಂಭಿಸಬೇಕು?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಚೆಂಬೂರಿನಲ್ಲಿ ಹಾರ್ಬರ್ ಮಾರ್ಗದ ಲೋಕಲ್ ಹತ್ತಿದರೆ ನೇರವಾಗಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ತಲುಪುತ್ತೀರಿ; ಕೋಟೆ ಪ್ರದೇಶ, ಎಂದರೆ ಫೋರ್ಟ್, ಅಲ್ಲಿಂದಲೇ ಶುರುವಾಗುತ್ತದೆ. ಅಲ್ಲಿಂದಲೇ ಆರಂಭಿಸಿ ಎನ್ನುವುದಕ್ಕೆ ಕಾರಣವಿದೆ. ಮುಂಬಯಿಯಲ್ಲಿ ಹುಲ್ಲು, ಮರ, ಬಯಲು ಎಲ್ಲಿ ಉಳಿದಿದ್ದರೂ ಅದರ ಹಿಂದೆ ಯಾವುದೋ ಬೇರೆಯೇ ಉದ್ದೇಶವೊಂದಿರುತ್ತದೆ. ಅದನ್ನು ತಿಳಿದುಕೊಂಡರೆ ಸುತ್ತಲಿನ ಬಡಾವಣೆ ಏಕೆ ಹಾಗಿದೆ ಎಂಬುದೂ ಅರ್ಥವಾಗುತ್ತದೆ.

ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್ ಮೈದಾನ ಇವೆಲ್ಲ ಒಂದು ಕಾಲಕ್ಕೆ ಒಂದೇ ದೊಡ್ಡ ಬಯಲಾಗಿದ್ದವು. ಶತ್ರು ಬಂದರೆ ಕೋಟೆಯಿಂದ ಹಾರಿಸುವ ಗುಂಡಿಗೆ ಮನೆ ಮರಗಳು ಅಡ್ಡ ಬರಬಾರದೆಂದು ಈಸ್ಟ್ ಇಂಡಿಯಾ ಕಂಪನಿಯವರು ಗೋಡೆಯ ಹೊರಗೆ ಆ ಜಾಗವನ್ನು ಬೋಳಾಗಿಯೇ ಇಟ್ಟಿದ್ದರು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕೋಟೆಯ ಗೋಡೆಗಳನ್ನು ಕೆಡವಿಸಿದ. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಸಿಗದೆ, ಮುಂಬಯಿಯ ಹತ್ತಿ ವ್ಯಾಪಾರಿಗಳ ಕೈಯಲ್ಲಿ ಹಣ ತುಂಬಿ ತುಳುಕುತ್ತಿದ್ದ ಕಾಲವದು. ಗೋಡೆ ಬಿದ್ದ ಜಾಗದ ಆಸುಪಾಸಿನಲ್ಲಿ ಸಚಿವಾಲಯ, ವಿಶ್ವವಿದ್ಯಾಲಯ, ಹೈಕೋರ್ಟುಗಳು ಸಾಲಾಗಿ ಎದ್ದವು. ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರಕ್ಕೆ ಹಣ ಕೊಟ್ಟ ಪ್ರೇಮಚಂದ್ ರಾಯಚಂದ್ ಕೂಡ ಹತ್ತಿಯಿಂದಲೇ ಬೆಳೆದವರು. ರಾಜಾಬಾಯಿ ಅವರ ತಾಯಿ.

ಓವಲ್ ಮೈದಾನದ ನಡುವಿನ ಕಾಲುದಾರಿಯಲ್ಲಿ ನಿಂತು ಎರಡೂ ಕಡೆ ನೋಡಿ. ಪೂರ್ವಕ್ಕೆ 1870ರ ದಶಕದಲ್ಲಿ ಮುಗಿದ ಈ ಗಾಥಿಕ್ ಶೈಲಿಯ ಕಲ್ಲಿನ ಕಟ್ಟಡಗಳು. ಪಶ್ಚಿಮಕ್ಕೆ, ಸಮುದ್ರವನ್ನು ತುಂಬಿ ಪಡೆದ ನೆಲದ ಮೇಲೆ 1930ರ ದಶಕದಿಂದೀಚೆಗೆ ಬಂದ, ದುಂಡುಮೂಲೆಯ ಬಾಲ್ಕನಿಗಳಿರುವ ಆರ್ಟ್ ಡೆಕೊ ಮನೆಗಳು. ಸುಮಾರು ಅರವತ್ತು ವರ್ಷಗಳ ಅಂತರದ ಈ ಎರಡು ಸಾಲುಗಳು ಸೇರಿಯೇ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದಿವೆ. ಭಾನುವಾರ ಬೆಳಿಗ್ಗೆ ಹೋದರೆ ಒಂದೇ ಬಯಲಿನಲ್ಲಿ ಹಲವು ಕ್ರಿಕೆಟ್ ಪಂದ್ಯಗಳು ಒಂದರ ಮೈಮೇಲೊಂದು ನಡೆಯುವುದನ್ನೂ ಕಾಣಬಹುದು. ಯಾವ ಚೆಂಡು ಯಾರದು ಎಂದು ಅವರಿಗೆ ಹೇಗೆ ತಿಳಿಯುತ್ತದೋ!

ಅಲ್ಲಿಂದ ಹತ್ತು ನಿಮಿಷ ಪೂರ್ವಕ್ಕೆ ನಡೆದರೆ ಹಾರ್ನಿಮನ್ ಸರ್ಕಲ್ ಉದ್ಯಾನ ಸಿಗುತ್ತದೆ. ‘ಬಾಂಬೆ ಕ್ರಾನಿಕಲ್’ ಪತ್ರಿಕೆಯ ಸಂಪಾದಕನಾಗಿ ಭಾರತೀಯರ ಪರ ಬರೆದು, 1919ರಲ್ಲಿ ಸರ್ಕಾರದಿಂದ ಗಡೀಪಾರಾದ ಬೆಂಜಮಿನ್ ಹಾರ್ನಿಮನ್ ಹೆಸರು ಅದಕ್ಕಿದೆ. ಎದುರಿಗೇ ಏಷ್ಯಾಟಿಕ್ ಸೊಸೈಟಿಯ ಮೆಟ್ಟಿಲುಗಳು. ಮಧ್ಯಾಹ್ನದ ಬಿಸಿಲಿನಲ್ಲಿ ಫೋರ್ಟಿನಲ್ಲಿ ಕುಳಿತುಕೊಳ್ಳಲು ಈ ತೋಟಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ.

ಪ್ರಶ್ನೆ: ಮುಂಬಯಿಯನ್ನು ಬಂದರು ನಗರ ಎನ್ನುತ್ತಾರೆ. ವ್ಯಾಪಾರದ ನಿಮಿತ್ತ ಅನೇಕ ಸಲ ಹೋಗಿಬಂದರೂ ನನಗೆ ಬಂದರು ಕಾಣಿಸಿಲ್ಲ. ಅದು ಎಲ್ಲಿದೆ, ಸಾರ್ವಜನಿಕರು ನೋಡಬಹುದೆ?
(ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ನಿಮಗೆ ಕಾಣದಿರುವುದು ಸಹಜ. ಪ್ರವಾಸಿಗರು ನೋಡುವ ಮರೀನ್ ಡ್ರೈವ್, ವರ್ಲಿ, ಜುಹೂಗಳೆಲ್ಲ ಪಶ್ಚಿಮಕ್ಕೆ, ತೆರೆದ ಸಮುದ್ರದ ಕಡೆಗಿವೆ. ಬಂದರು ಇರುವುದು ಪೂರ್ವದಲ್ಲಿ, ನಗರಕ್ಕೂ ಒಳನಾಡಿಗೂ ನಡುವಿನ ಶಾಂತ ನೀರಿನಲ್ಲಿ. ಕೊಲಾಬಾದಿಂದ ಉತ್ತರಕ್ಕೆ ವಡಾಲಾದವರೆಗೆ ಬಂದರು ಪ್ರಾಧಿಕಾರದ ಗೋಡೆ, ಗೋದಾಮು, ಗೇಟುಗಳೇ ಹೆಚ್ಚಾಗಿರುವುದರಿಂದ ಆ ದಡ ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ. ಕಂಟೇನರ್ ಹಡಗುಗಳ ವ್ಯವಹಾರವಂತೂ ಬಹುಪಾಲು ಎದುರು ದಡದ ನ್ಹಾವಾ ಶೇವಾದಲ್ಲಿ 1989ರಲ್ಲಿ ಆರಂಭವಾದ ಬಂದರಿಗೆ ಹೋಗಿದೆ. ಆದರೂ ನೋಡಲು ದಾರಿಗಳಿವೆ.

ಮೊದಲಿಗೆ ಬಲಾರ್ಡ್ ಎಸ್ಟೇಟ್. ಇಂದು ಇಂದಿರಾ ಡಾಕ್ ಎನ್ನಿಸಿಕೊಂಡಿರುವ ಅಲೆಕ್ಸಾಂಡ್ರಾ ಡಾಕ್ 1914ರಲ್ಲಿ ಪೂರ್ಣಗೊಂಡಿತು; ಅದನ್ನು ತೋಡುವಾಗ ಬಂದ ಮಣ್ಣನ್ನು ಪಕ್ಕದಲ್ಲೇ ಸಮುದ್ರಕ್ಕೆ ತುಂಬಿ, ಆ ನೆಲದ ಮೇಲೆ ಈ ಬಡಾವಣೆ ಕಟ್ಟಿದರು. ಹಡಗು ಕಂಪನಿಗಳ ಕಚೇರಿಗಳು, ಅಗಲವಾದ ಪಾದಚಾರಿ ದಾರಿ, ಒಂದೇ ಎತ್ತರದ ಕಲ್ಲಿನ ಮುಂಭಾಗಗಳು. ಕಟ್ಟಡಗಳಿಗೆ ಈ ಏಕರೂಪ ಕೊಟ್ಟ ಜಾರ್ಜ್ ವಿಟೆಟ್ ಅವರೇ ಗೇಟ್‌ವೇಯ ವಾಸ್ತುಶಿಲ್ಪಿ. ಕಚೇರಿಗಳಿಗೆ ರಜೆಯಿರುವ ದಿನ ಇಲ್ಲಿ ಮುಂಬಯಿಯ ಗದ್ದಲವೇ ಇರುವುದಿಲ್ಲ.

ಎರಡನೆಯದು ಮಝಗಾಂವಿನ ಗುಡ್ಡದ ಮೇಲಿನ ಜೋಸೆಫ್ ಬ್ಯಾಪ್ಟಿಸ್ಟಾ ಉದ್ಯಾನ. ಡಾಕ್‌ಯಾರ್ಡ್ ರೋಡ್ ನಿಲ್ದಾಣದಲ್ಲಿ ಇಳಿದು ಸ್ವಲ್ಪ ಏರಬೇಕು. ತಿಲಕರ ಒಡನಾಡಿಯೂ ನಗರದ ಮೇಯರೂ ಆಗಿದ್ದ ಬ್ಯಾಪ್ಟಿಸ್ಟಾ ಅವರ ಹೆಸರಿನ ಈ ತೋಟ ನಗರದ ನೀರಿನ ಟ್ಯಾಂಕಿನ ಮೇಲೆ ನಿಂತಿದೆ. ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್ ಕೂಡ ಹೀಗೆಯೇ, 1881ರಲ್ಲಿ, ಜಲಾಶಯದ ಮುಚ್ಚಳದ ಮೇಲೆ ಬೆಳೆಸಿದ್ದು. ಅಲ್ಲಿಗೆ ಬಸ್ಸುಗಟ್ಟಲೆ ಜನ ಬರುತ್ತಾರೆ, ಇಲ್ಲಿಗೆ ಸುತ್ತಲಿನ ಕೇರಿಗಳ ಹಿರಿಯರು ಮಾತ್ರ. ನನ್ನ ಮಟ್ಟಿಗೆ ಮಝಗಾಂವೇ ಮೇಲು. ಬೆಂಚಿನಿಂದ ಏಳದೆಯೇ ಕ್ರೇನುಗಳನ್ನೂ ಹಡಗುಗಳನ್ನೂ ಕಾಣಬಹುದು.

ಇನ್ನೂ ಹತ್ತಿರದಿಂದ ನೋಡಬೇಕೆಂದಿದ್ದರೆ ಭಾವುಚಾ ಧಕ್ಕೆಗೆ ಹೋಗಿ ಎದುರು ದಡದಲ್ಲಿ ಉರಣದ ಬಳಿಯಿರುವ ಮೋರಾಕ್ಕೆ ಹೋಗುವ ಸಾಮಾನ್ಯ ಪ್ರಯಾಣಿಕರ ದೋಣಿ ಹತ್ತಿ. ಉರಣದ ಜನ ಸಂತೆಗೆ, ಕೆಲಸಕ್ಕೆ ಓಡಾಡುವ ದೋಣಿಯದು. ಲಂಗರು ಹಾಕಿದ ಹಡಗುಗಳ ನಡುವೆಯೇ ಸಾಗುತ್ತದೆ. ಮೀನುಗಾರಿಕೆಯಲ್ಲಿ ಆಸಕ್ತಿಯಿದ್ದರೆ ಕೊಲಾಬಾದ ಸಸೂನ್ ಡಾಕ್‌ಗೆ ಬೆಳಗಿನ ಜಾವವೇ ಹೋಗಬೇಕು; 1875ರ ಈ ಧಕ್ಕೆ ಹತ್ತಿ ವ್ಯಾಪಾರಕ್ಕೆಂದು ಕಟ್ಟಿದ್ದು, ಈಗ ಮೀನಿನದು. ಅಲ್ಲಿಯ ವಾಸನೆಯಿಂದ ಚೇತರಿಸಿಕೊಳ್ಳಲು ಪಕ್ಕದಲ್ಲೇ ಬಂದರಿನವರ ಸಾಗರ್ ಉಪವನವಿದೆ. ಧಕ್ಕೆಯ ಆವರಣಗಳಲ್ಲಿ ಫೋಟೊ ತೆಗೆಯುವ ಮೊದಲು ಅನುಮತಿ ಕೇಳುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಅಜ್ಜ ಮಾಟುಂಗದ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದವರು. ಅವರು ಹೇಳುತ್ತಿದ್ದ ಮಾಟುಂಗ ಈಗಲೂ ಇದೆಯೆ?
(ಓದುಗರೊಬ್ಬರು, ಕುಂದಾಪುರ)

ಉತ್ತರ: ಸಾಕಷ್ಟು ಉಳಿದಿದೆ. 1896ರಲ್ಲಿ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡು ನಗರ ತತ್ತರಿಸಿದಾಗ, ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ವಸತಿಯೇ ರೋಗಕ್ಕೆ ಕಾರಣವೆಂದು ತಿಳಿದ ಸರ್ಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಆ ಟ್ರಸ್ಟ್ ಆಗಿನ ಊರ ಹೊರಗೆ, ದಾದರ್ ಮತ್ತು ಮಾಟುಂಗದಲ್ಲಿ, ಅಗಲ ರಸ್ತೆ, ಸಾಲುಮರ, ಮನೆಗಳ ನಡುವೆ ಅಂತರವಿರುವ ಬಡಾವಣೆಗಳನ್ನು ಯೋಜಿಸಿತು. ಪಾರ್ಸಿ ಕಾಲೊನಿಯ ಬಳಿಯ ಫೈವ್ ಗಾರ್ಡನ್ಸ್ ಎಂಬ ಐದು ತೋಟಗಳು ಆ ಯೋಜನೆಯ ಭಾಗವೇ. ಅಜ್ಜನವರು ಬಿಡುವಿನಲ್ಲಿ ಗಾಳಿಗೆ ಕುಳಿತಿದ್ದರೆ ಬಹುಶಃ ಅಲ್ಲೇ ಕುಳಿತಿರಬೇಕು.

ಹೊಸ ಬಡಾವಣೆಗೆ ಬಾಡಿಗೆಗೆ ಬಂದವರಲ್ಲಿ ದಕ್ಷಿಣದವರು ಹೆಚ್ಚಾಗಿದ್ದರಿಂದ ಅವರ ಹಿಂದೆ ಊಟದ ಮನೆಗಳೂ ಬಂದವು. ಮಾಟುಂಗ ನಿಲ್ದಾಣದ ಎದುರಿಗೆ 1942ರಲ್ಲಿ ಎ. ರಾಮ ನಾಯಕ್ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಇವತ್ತಿಗೂ ಬಾಳೆಲೆ ಊಟ ಸಿಗುತ್ತದೆ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಕೂಡ ಅದೇ ಬಡಾವಣೆಯಲ್ಲಿದೆ. ಹೂವಿನ ಓಣಿಯಲ್ಲಿ ಮಲ್ಲಿಗೆ, ಬಾಳೆಲೆ, ಆಗತಾನೆ ಪುಡಿ ಮಾಡಿದ ಕಾಫಿ ಎಲ್ಲವೂ ಇವೆ. ಒಂದು ಎಚ್ಚರಿಕೆ: ಮಾಟುಂಗ ಮತ್ತು ಮಾಟುಂಗ ರೋಡ್ ಬೇರೆ ಬೇರೆ ಮಾರ್ಗಗಳ ಬೇರೆ ಬೇರೆ ನಿಲ್ದಾಣಗಳು. ಊಟಕ್ಕಾದರೆ ಮಧ್ಯ ರೈಲ್ವೆಯ ಮಾಟುಂಗದಲ್ಲಿ, ಮಾಹೀಮಿನ ಕರ್ನಾಟಕ ಸಂಘಕ್ಕಾದರೆ ಪಶ್ಚಿಮ ರೈಲ್ವೆಯ ಮಾಟುಂಗ ರೋಡಿನಲ್ಲಿ ಇಳಿಯಿರಿ.

ಪ್ರಶ್ನೆ: ಮಕ್ಕಳಿಗೆ ರಾಣಿಬಾಗ್ ಮತ್ತು ಬೋರಿವಲಿಯ ರಾಷ್ಟ್ರೀಯ ಉದ್ಯಾನ ಎರಡನ್ನೂ ಒಂದೇ ದಿನ ತೋರಿಸಬಹುದೆ?
(ಓದುಗರೊಬ್ಬರು, ತುಮಕೂರು)

ಉತ್ತರ: ಬೇಡ. ಬೋರಿವಲಿಯದು ತೋಟವಲ್ಲ, ಸುಮಾರು 104 ಚದರ ಕಿಲೋಮೀಟರಿನ ಕಾಡು. ಚಿರತೆಗಳಿವೆ, ನಗರಕ್ಕೆ ನೀರು ಕೊಡುವ ತುಳಸಿ, ವಿಹಾರ್ ಕೆರೆಗಳಿವೆ, ಒಳಗೆ ಕಾನ್ಹೇರಿಯ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಅದಕ್ಕೆ ಒಂದು ದಿನ ಪೂರ್ತಿ ಬೇಕು. ಬೈಕಲಾದ ಮೃಗಾಲಯವಾದ ರಾಣಿಬಾಗ್‌ಗೆ ಅರ್ಧ ದಿನ ಸಾಕು. ಮಕ್ಕಳು ಪೆಂಗ್ವಿನ್ ನೋಡಿದ ಮೇಲೆ ಪಕ್ಕದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿರುವ ಕಲ್ಲಾನೆಯನ್ನು ತೋರಿಸಿ. ಅದು ಮೊದಲು ಘಾರಾಪುರಿ ದ್ವೀಪದಲ್ಲಿತ್ತು; ಆ ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ಬಂದದ್ದು ಅದರಿಂದ. ಸೋಮವಾರ ಬೋರಿವಲಿಗೆ ರಜೆ, ಬುಧವಾರ ರಾಣಿಬಾಗ್‌ಗೆ ರಜೆ. ಎರಡು ಬೇರೆ ದಿನಗಳನ್ನು ಆರಿಸಿಕೊಳ್ಳಿ, ಬೋರಿವಲಿಗೆ ಬೆಳಿಗ್ಗೆ ಬೇಗ ಹೊರಡಿ.