ಐದಾರು ವರ್ಷದ ಮಗುವಿಗೆ ಈಜಿಪ್ಟಿನ ಪಿರಮಿಡ್ ಬಗ್ಗೆ ಹೇಗೆ ಹೇಳಿಕೊಡೋದು?

ಇಸವಿ, ರಾಜವಂಶ ಅಂತ ಶುರು ಮಾಡಲೇಬೇಡಿ. ಈ ವಯಸ್ಸಿಗೆ 4,500 ವರ್ಷವೂ ಒಂದೇ, ಅಜ್ಜನ ಕಾಲವೂ ಒಂದೇ. ಅದರ ಬದಲು "ಲಾರಿ, ಕ್ರೇನ್ ಏನೂ ಇಲ್ಲದೆ ಅಷ್ಟು ದೊಡ್ಡ ಕಲ್ಲನ್ನ ಹೇಗೆ ಎಳೆದಿರಬಹುದು?" ಅಂತ ಕೇಳಿ.

ಉತ್ತರ ಕೈಯಲ್ಲೇ ಮಾಡಿ ತೋರಿಸಬಹುದು. ತಟ್ಟೆಯಲ್ಲಿ ಒಣ ಮರಳು ಹರಡಿ, ಡಬ್ಬಿಯ ಮುಚ್ಚಳಕ್ಕೆ ದಾರ ಕಟ್ಟಿ, ಅದರಲ್ಲೊಂದು ಕಲ್ಲಿಟ್ಟು ಮಗುವಿಗೇ ಎಳೆಯಲು ಬಿಡಿ. ಮುಂದೆ ಮರಳು ಗುಡ್ಡೆಯಾಗಿ ಅಡ್ಡ ನಿಲ್ಲುತ್ತದೆ. ಈಗ ಸ್ವಲ್ಪ ನೀರು ಚಿಮುಕಿಸಿ, ಒತ್ತಿ ಮಟ್ಟ ಮಾಡಿ ಮತ್ತೆ ಎಳೆಸಿ. ಸಲೀಸಾಗಿ ಜಾರುತ್ತದೆ! ನೀರು ಜಾಸ್ತಿಯಾದರೆ ಮಾತ್ರ ಮತ್ತೆ ಬಿಗಿಯುತ್ತದೆ. ಈಜಿಪ್ಟಿನ ಜೆಹುತಿಹೊತೆಪ್ ಎಂಬ ಅಧಿಕಾರಿಯ ಸಮಾಧಿಯಲ್ಲಿ ಜನ ದೊಡ್ಡ ಪ್ರತಿಮೆಯನ್ನು ಜಾರುಬಂಡಿ (ಚಕ್ರವಿಲ್ಲದ ಗಾಡಿ) ಮೇಲೆ ಇಟ್ಟು ಎಳೆಯುವ ಚಿತ್ರವಿದೆ, ಅದರ ಮುಂದೆ ಒಬ್ಬ ನಿಂತು ನೀರು ಸುರಿಯುತ್ತಿದ್ದಾನೆ. ಆಟ ಆದಮೇಲೆ ಆ ಚಿತ್ರ ತೋರಿಸಿ, ಮಗು ತಾನೇ ಅವನನ್ನು ಹುಡುಕಲಿ.

ಗುಲಾಮರನ್ನು ಚಾಟಿಯಲ್ಲಿ ಹೊಡೆದು ಕಟ್ಟಿಸಿದರು ಅನ್ನೋ ಕಥೆ ದಯವಿಟ್ಟು ಬೇಡ. ದೊಡ್ಡ ಪಿರಮಿಡ್‌ಗಳಿರುವ ಗೀಜಾದಲ್ಲಿ ಅವನ್ನು ಕಟ್ಟಿದ ಕೆಲಸಗಾರರ ಊರೇ ಸಿಕ್ಕಿದೆ, ಬ್ರೆಡ್ ಸುಡುತ್ತಿದ್ದ ಜಾಗಗಳ ಸಮೇತ. ಊಟದ ವಿಷಯ ಮಕ್ಕಳಿಗೆ ಚೆನ್ನಾಗಿ ನೆನಪಿರುತ್ತೆ.

ಇನ್ನು ಫೋಟೋ. ದೂರದಿಂದ ತೆಗೆದದ್ದು ಸುಮ್ನೆ ತ್ರಿಕೋನದ ಹಾಗೆ ಕಾಣುತ್ತದೆ ಅಲ್ವಾ? ಬುಡದಲ್ಲಿ ಜನ ನಿಂತಿರುವ ಫೋಟೋ ಆರಿಸಿ. ಗೀಜಾದಲ್ಲಿರುವ ಖುಫು ಎಂಬ ರಾಜನ ಪಿರಮಿಡ್ಡಿನ ಕೆಳಗಿನ ಸಾಲಿನ ಕಲ್ಲುಗಳು ನಿಮ್ಮ ಮಗುವಿಗಿಂತ ಎತ್ತರ ಇವೆ. ಅಷ್ಟು ಎತ್ತರಕ್ಕೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಮಗುವನ್ನು ನಿಲ್ಲಿಸಿ.